ಟವೆಲ್ ಕೆಳಗಿನ ಗಿಲಕಿ

ಅಕ್ಕನ ಮಗಳಿಗೆ ಈಗ 9 ತಿಂಗಳು. ಮಂಡ್ಯಕ್ಕೆ ಹೋದಾಗಲೆಲ್ಲ ನನಗೆ ಒಂದೇ ಕೆಲಸ, ಚನ್ನಪಟ್ಟಣದ ಗಿಲಕಿಯನ್ನು ಟವೆಲ್ ಕೆಳಗೆ ಬಚ್ಚಿಡುವುದು. ಮೊದಲೆಲ್ಲ ಕಣ್ಣೆದುರೇ ಮುಚ್ಚಿದರೂ ಆ ಕಡೆ ತಿರುಗಿ ನೋಡುತ್ತಿರಲಿಲ್ಲ. ಈಗ ಟವೆಲ್ ಎಳೆದು ಬಿಸಾಕಿ, ಗಿಲಕಿ ನೇರ ಬಾಯಿಗೆ!

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ತಮ್ಮ ಮೂವರು ಮಕ್ಕಳ ಜೊತೆ ಇಂಥದ್ದೇ ಆಟ ಆಡಿ ನೋಡಿದ್ದರು. ಮರೆಯಾದ ವಸ್ತುವನ್ನು ಮಗು ಹುಡುಕಲು ಶುರು ಮಾಡುವುದು ಸುಮಾರು 8 ತಿಂಗಳಿಗೆ ಅಂದರು. ಮಜಾ ಇರುವುದು ಆಮೇಲೆ. ಒಂದೇ ಜಾಗದಲ್ಲಿ ನಾಲ್ಕಾರು ಸಲ ಬಚ್ಚಿಟ್ಟು, ಮಗು ನೋಡುತ್ತಿರುವಾಗಲೇ ಪಕ್ಕದ ದಿಂಬಿನಡಿ ಇಡಿ. ಆದರೂ ಅದು ಹಳೇ ಜಾಗಕ್ಕೇ ಕೈ ಹಾಕುತ್ತದೆ. ನಮ್ಮವಳೂ ಅಷ್ಟೇ. (ಸ್ಕೂಟರ್ ಕೀ ಹುಡುಕುವಾಗ ನಮ್ಮ ಭಾವನೂ ಹಾಗೇ, ಬಿಡಿ.)

ಪಿಯಾಜೆ ಹೇಳಿದ್ದೇ ಕೊನೆಯಲ್ಲ. ನಿಂತ ಪರದೆಯ ಹಿಂದೆ ಪೆಟ್ಟಿಗೆ ಮರೆಯಾಗಿದ್ದರೂ, ಆ ಪರದೆ ಅದಕ್ಕೆ ತಾಗದೆ ಹಿಂದಕ್ಕೆ ಪೂರ್ತಿ ಮಲಗಿಬಿಟ್ಟರೆ, ನಾಲ್ಕೂವರೆ ತಿಂಗಳ ಕೂಸುಗಳೂ ಇದು ಹೇಗಾಯಿತು ಅನ್ನುವಂತೆ ಜಾಸ್ತಿ ಹೊತ್ತು ದಿಟ್ಟಿಸುತ್ತವೆ ಅಂತ 1987ರಲ್ಲಿ ಮನೋವಿಜ್ಞಾನಿ ರೆನೆ ಬೈಯಾರ್ಜಾನ್ ತೋರಿಸಿದರು. ಅಂದರೆ ಮರೆಯಲ್ಲಿ ವಸ್ತು ಇದೆ ಅಂತ ಒಳಗೆ ಗೊತ್ತಿರುತ್ತದೆ, ಕೈ ಹಾಕಿ ಹುಡುಕುವುದು ತಡ. ಇದರ ಮೇಲೆ ತಕರಾರುಗಳೂ ಇವೆ. ನನಗಂತೂ ಬೈಯಾರ್ಜಾನ್ ಮಾತೇ ಸರಿ ಅನ್ನಿಸುತ್ತದೆ.