ಸಾಲ್ಮನ್ ಕಿವಿಕಲ್ಲಲ್ಲಿ ಉಳ್ಕೊಂಡಿರೋ ಹೊಳೆ

ಮೀನಿನ ತಲೆ ತಿನ್ನೋ ಅಭ್ಯಾಸ ಇರೋರಿಗೆ ಈ ಕಲ್ಲು ಗೊತ್ತಿರುತ್ತೆ, ಕಲ್ಲೂರು ಮೀನಿನ ತಲೆ ಅಗಿಯುವಾಗ ಹಲ್ಲಿಗೆ ಬಿಳೀ ಗಟ್ಟಿ ಕಲ್ಲು ಸಿಗುತ್ತಲ್ಲ ಅದೇ, ಓಟೋಲಿತ್. ಮೀನಿನ ಒಳಕಿವಿಯಲ್ಲಿರೋದು. ಮೂಳೆ ಆಗಿದ್ರೆ ದೇಹ ಬೇಕಾದಾಗ ಕರಗಿಸಿ ಮತ್ತೆ ಕಟ್ಕೊಳ್ತಿತ್ತು, ಇದು ಹೆಚ್ಚುಕಮ್ಮಿ ಪೂರ್ತಿ ಕ್ಯಾಲ್ಸಿಯಂ ಕಾರ್ಬೊನೇಟ್, ಮರಿ ಇದ್ದಾಗಿಂದ ದಿನಾ ತೆಳ್ಳಗೆ ಒಂದು ಪದರ ಸೇರ್ತಾ ಹೋಗುತ್ತೆ, ಸೇರಿದ್ದು ಸಾಯೋವರೆಗೂ ಹಾಗೇ ಇರುತ್ತೆ. ಆ ಹೊತ್ತಲ್ಲಿ ಮೀನು ಯಾವ ನೀರಲ್ಲಿತ್ತೋ ಅದರಲ್ಲಿ ಕರಗಿರೋ ಸ್ಟ್ರಾನ್ಷಿಯಂ ಅನ್ನೋ ಲೋಹ ಕೂಡ ಚೂರು ಆ ಪದರದಲ್ಲಿ ಸೇರ್ಕೊಳ್ಳುತ್ತೆ.

ಇದನ್ನ ಇಟ್ಕೊಂಡು ಕ್ಯಾಲಿಫೋರ್ನಿಯಾದ ಚಿನೂಕ್ ಅನ್ನೋ ಜಾತಿಯ ಸಾಲ್ಮನ್ ಮೇಲೆ ಮಾಡಿರೋ ಕೆಲಸ ಓದಿದ ಮೇಲೆ ನನಗೆ ಅದನ್ನ ಯಾರಿಗಾದ್ರೂ ಹೇಳ್ಲೇಬೇಕು ಅನ್ನಿಸಿದೆ. ಮಲೆನಾಡಲ್ಲಿ ಮೊದಲ ಮಳೆಗೆ ಹತ್ತುಮೀನು ಬರೋ ಹಾಗೆ ಅಲ್ಲಿ ವಸಂತದಲ್ಲಿ ಒಂದು ಬಗೆಯ ಸಾಲ್ಮನ್ ಸಮುದ್ರದಿಂದ ಸ್ಯಾಕ್ರಮೆಂಟೋ ನದಿ ಹತ್ತುತ್ತೆ, ಬೇಸಿಗೆ ಪೂರ್ತಿ ಮೇಲಿನ ತಣ್ಣಗಿನ ಗುಂಡಿಗಳಲ್ಲಿ ಕಾದು ಶರತ್ಕಾಲದಲ್ಲಿ ಮೊಟ್ಟೆ ಇಟ್ಟು ಸಾಯುತ್ತೆ. ಸತ್ತ ಮೀನಿನ ತಲೆ ಕೊಯ್ದು ಕಲ್ಲು ತೆಗೀತಾರೆ, ಗಾಜಿನ ಮೇಲೆ ಅಂಟಿಸಿ ನಡುಭಾಗ ಕಾಣೋವರೆಗೂ ಉಜ್ಜಿ ತೆಳ್ಳಗೆ ಮಾಡ್ತಾರೆ, ಆಮೇಲೆ ಲೇಸರ್‌ನಲ್ಲಿ ನಡುವಿಂದ ಅಂಚಿನವರೆಗೆ ಸ್ವಲ್ಪ ಸ್ವಲ್ಪ ಸುಡ್ತಾ ಸ್ಟ್ರಾನ್ಷಿಯಂ 87 ಮತ್ತು 86ರ (ತೂಕ ಮಾತ್ರ ಬೇರೆ ಇರೋ ಅದರ ಎರಡು ಬಗೆಯ ಪರಮಾಣು) ಅನುಪಾತ ಅಳೀತಾರೆ. ಹೊಳೆ ಎಂಥ ಬಂಡೆ ಮೇಲೆ ಹರಿದು ಬರುತ್ತೋ ಈ ಅನುಪಾತ ಹಾಗಿರುತ್ತೆ. ಲ್ಯಾಸೆನ್ ಜ್ವಾಲಾಮುಖಿ ಸೀಮೆಯಿಂದ ಇಳಿಯೋ ಮಿಲ್ ಕ್ರೀಕ್, ಡೀರ್ ಕ್ರೀಕ್‌ನಲ್ಲಿ 0.704ರ ಆಸುಪಾಸು, ಸಮುದ್ರದಲ್ಲಿ ಎಲ್ಲಿಗೆ ಹೋದ್ರೂ 0.7092. ಮೂರನೇ ದಶಾಂಶದ ವ್ಯತ್ಯಾಸ, ಆದ್ರೂ ಮೆಷಿನ್ ಹಿಡಿಯುತ್ತೆ.

ನನಗೆ ತುಂಬಾ ಇಷ್ಟವಾದದ್ದು ಕಲ್ಲಿನ ನಟ್ಟನಡುವಿನ ಚುಕ್ಕೆ. ಮೀನು ಹುಟ್ಟಿದ್ದು ಬೆಟ್ಟದ ಹೊಳೆಯಲ್ಲಿ, ಆದ್ರೆ ನಡುವಲ್ಲಿ ಸಿಗೋದು ಸಮುದ್ರದ ಸ್ಟ್ರಾನ್ಷಿಯಂ, ಯಾಕಂದ್ರೆ ಮೊಟ್ಟೆಯ ಹಳದಿ ತಾಯಿ ಸಮುದ್ರದಲ್ಲಿ ತಿಂದದ್ದರಿಂದ ಆಗಿದ್ದು. ಆ ಹಳದಿ ಮುಗಿದು ಮರಿ ತಾನೇ ತಿನ್ನೋಕೆ ಶುರು ಮಾಡಿದ ಮೇಲಿನ ಪದರಗಳಲ್ಲೇ ತವರು ಹೊಳೆ ಸಿಗೋದು.

2021ರಲ್ಲಿ ಫ್ಲೋರಾ ಕೋರ್ಡೋಲಿಯಾನಿ ಅನ್ನೋ ವಿಜ್ಞಾನಿ ಮತ್ತೆ ಜೊತೆಯವರು ಮಿಲ್ ಕ್ರೀಕ್, ಡೀರ್ ಕ್ರೀಕ್ ಮೀನುಗಳ ಕಲ್ಲುಗಳ ಬಗ್ಗೆ ನೇಚರ್ ಕ್ಲೈಮೇಟ್ ಚೇಂಜ್ ಅನ್ನೋ ವಿಜ್ಞಾನ ಪತ್ರಿಕೆಯಲ್ಲಿ ಬರೆದ್ರು. ತವರು ಹೊಳೆಯ ಅನುಪಾತ ಕಲ್ಲಿನ ಎಷ್ಟು ದೂರದವರೆಗೆ ಇದೆ ಅಂತ ನೋಡಿದ್ರೆ ಮರಿ ಎಷ್ಟು ದೊಡ್ಡದಾದಾಗ ಅಲ್ಲಿಂದ ಹೊರಟಿತ್ತು ಅಂತ ಗೊತ್ತಾಗುತ್ತೆ. ಕೆಲವು ಮರಿಗಳು ಚಿಕ್ಕದಿದ್ದಾಗಲೇ ಸಮುದ್ರದ ಕಡೆ ಇಳಿದು ಹೋಗ್ತವೆ, ಕೆಲವು ವಸಂತದಲ್ಲಿ, ಇನ್ನು ಕೆಲವು ಬೇಸಿಗೆ ಪೂರ್ತಿ ಮೇಲೇ ಇದ್ದು ಶರತ್ಕಾಲದಲ್ಲಿ ಹೊರಡ್ತವೆ. ಹೀಗೆ ತಡವಾಗಿ ಹೊರಡೋದು ಸ್ವಲ್ಪವೇ ಮರಿಗಳು, ಕೆಳಗೆ ಬಲೆ ಇಟ್ಟು ಎಣಿಸಿದ್ರೆ ಅವು ಲೆಕ್ಕಕ್ಕೇ ಇಲ್ಲ ಅನ್ನೋಷ್ಟು ಕಮ್ಮಿ. ಆದ್ರೆ ಬರ ಬಿದ್ದ ವರ್ಷಗಳಲ್ಲಿ ಹುಟ್ಟಿ, ದೊಡ್ಡದಾಗಿ ತಿರುಗಿ ಬಂದವು ಹೆಚ್ಚುಕಮ್ಮಿ ಅವೇ! ಇಳಿಯೋ ಮರಿಗಳನ್ನ ಎಷ್ಟು ವರ್ಷ ಎಣಿಸಿದ್ರೂ ಇದು ತಿಳೀತಿರಲಿಲ್ಲ, ಬದುಕಿ ಬಂದದ್ದರ ತಲೆಯಲ್ಲೇ ನೋಡಬೇಕಿತ್ತು.

ಕಷ್ಟ ಏನಂದ್ರೆ ಬೇಸಿಗೇಲೂ ತಣ್ಣಗಿರೋ ಇಂಥ ನೀರು ಬಹುಪಾಲು ಈಗ ಮೀನು ದಾಟಲಾಗದ ಡ್ಯಾಮ್‌ಗಳ ಮೇಲಿದೆ, ಉಳಿದದ್ದೂ ಬಿಸಿ ಆಗ್ತಿದೆ. 1945ರಲ್ಲಿ ಮುಗಿದ ಶಾಸ್ತಾ ಡ್ಯಾಮ್ ಮೇಲಿನ ಮೆಕ್ಲೌಡ್ ನದಿಗೆ 2022ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ವಿನ್ನೆಮೆಮ್ ವಿಂಟು ಜನ ಮತ್ತೆ ಸರ್ಕಾರಿ ಇಲಾಖೆಗಳು ಸೇರಿ ಸಾಲ್ಮನ್ ಮೊಟ್ಟೆ ಹೊತ್ಕೊಂಡು ಹೋಗಿ ಮರಿ ಮಾಡಿಸಿದ್ರು, ಅದು ಚಳಿಗಾಲದಲ್ಲಿ ಹತ್ತೋ ಬಗೆ. ವಸಂತದ್ದಕ್ಕೂ ಹೀಗೆ ಮೇಲಿನ ನೀರಿಗೆ ದಾರಿ ಮಾಡಿಕೊಡ್ಲೇಬೇಕು ಅಂತ ನನಗನ್ನಿಸುತ್ತೆ, ಮಿಲ್ ಕ್ರೀಕ್ ಡೀರ್ ಕ್ರೀಕ್ ಥರದ ನಾಲ್ಕಾರು ಹೊಳೆ ನಂಬ್ಕೊಂಡು ಇನ್ನೆಷ್ಟು ಬರ ತಡ್ಕೊಳ್ಳೋಕಾಗುತ್ತೆ ಅವಕ್ಕೆ.