ಸಾಗವಾನಿ ಟೇಬಲ್ಲಿನ ಬಿಳಿ ಉಂಗುರ, ಕರಿ ಕಲೆ, ಸವೆದ ಅಂಚು

ಧಾರವಾಡದ ಮಾಳಮಡ್ಡಿಯ ಒಂದು ಮನೆಯಿಂದ ದುರಸ್ತಿಗೆ ಬಂದ ಟೇಬಲ್ಲು ನಾಲ್ಕಡಿ ಉದ್ದ, ಎರಡೂವರೆ ಅಡಿ ಅಗಲ. ಕಟ್ಟಿಗೆ ಸಾಗವಾನಿ, ಮೇಲೆ ವಾಲ್‌ನಟ್ ಸ್ಟೇನ್, ಅಂದರೆ ಕಟ್ಟಿಗೆ ಹೀರಿಕೊಳ್ಳುವ ಕಂದು ಬಣ್ಣ, ಅದರ ಮೇಲೆ ಪಾಲಿಶ್. ನಡುವೆ ಚಹಾ ಕಪ್ಪಿನ ಬಿಳಿ ಉಂಗುರಗಳು. ಒಂದು ಮೂಲೆಯಲ್ಲಿ ಹೂಕುಂಡದ ಕೆಳಗೆ ನೀರು ನಿಂತು ಆದ ಕರಿ ಕಲೆ. ಮುಂದಿನ ಅಂಚಿನಲ್ಲಿ ಮುಂಗೈ ತಾಗಿ ತಾಗಿ ಪಾಲಿಶ್ಶೂ ಬಣ್ಣವೂ ಹೋಗಿ ಬರಿ ಕಟ್ಟಿಗೆ ಕಾಣುವ ಪಟ್ಟಿ.

"ಪೂರಾ ತಿಕ್ಕಿ ಹೊಸದಾಗಿ ಪಾಲಿಶ್ ಹೊಡದ ಬಿಡ್ರಿ" ಎಂದರು ಮನೆಯ ಹಿರಿಯರು. ಎಲ್ಲರೂ ಹಾಗೇ ಹೇಳುತ್ತಾರೆ, ಬಹಳಷ್ಟು ಮಂದಿ ಹಾಗೇ ಮಾಡಿಯೂ ಬಿಡುತ್ತಾರೆ. ಆದರೆ ಸ್ಟೇನ್ ಕಟ್ಟಿಗೆಯೊಳಗೆ ಒಂದು ಮಿಲಿಮೀಟರಿನಷ್ಟೂ ಇಳಿದಿರುವುದಿಲ್ಲ. 120 ನಂಬರಿನ ಸ್ಯಾಂಡ್ ಪೇಪರ್ ಹಿಡಿದು ನಾಲ್ಕು ಸಲ ಜೋರಾಗಿ ಎಳೆದರೆ ಆ ಬಣ್ಣ ಹೋಯಿತು. ಹೋದ ಮೇಲೆ ಅದೇ ಛಾಯೆ ಮತ್ತೆ ತರುವುದಿದೆಯಲ್ಲ, ಈ ಕೆಲಸದಲ್ಲಿ ಅದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ. ಬಣ್ಣ ಉಳಿದಿರುವ ಕಡೆ ಬಣ್ಣದ ತನಕ ಇಳಿಯಲೇಬಾರದು.

ಮೊದಲು ನೋಡಬೇಕಾದ್ದು ಪಾಲಿಶ್ ಯಾವ ಜಾತಿಯದು ಎಂಬುದನ್ನು. ಟೇಬಲ್ಲಿನ ಕೆಳಬದಿಯಲ್ಲಿ, ಕಣ್ಣಿಗೆ ಬೀಳದ ಕಡೆ ಪಾಲಿಶ್ ತಗುಲಿದ ಜಾಗ ಹುಡುಕಿ, ಸ್ಪಿರಿಟ್ಟಿನಲ್ಲಿ, ಅಂದರೆ ಪಾಲಿಶ್ ಕೆಲಸದ ಮದ್ಯಸಾರದಲ್ಲಿ, ಅದ್ದಿದ ಅರಳೆಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಅಂಟಂಟಾದರೆ ಅದು ಚಪಡಾ, ಅಂದರೆ ಅರಗಿನ ಪಾಲಿಶ್. ಸ್ಪಿರಿಟ್ಟಿಗೆ ಜಗ್ಗದೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರಿಗೆ ಮೆತ್ತಗಾದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್). ಅವುಗಳ ಹೊಸ ಕೋಟು ಹಳೆಯದರಲ್ಲಿ ಕರಗಿ ಬೆರೆಯುವುದಿಲ್ಲ, 320ರ ಪೇಪರಿನಿಂದ ಮೇಲ್ಮೈ ಮಂಕಾಗಿಸಿ ಅದರ ಮೇಲೆ ಹಚ್ಚಬೇಕು. ಈ ಟೇಬಲ್ಲಿನದು ಚಪಡಾ. ತಿದ್ದುವವರಿಗೆ ಅದೇ ವಾಸಿ, ಏಕೆಂದರೆ ಹೊಸ ಚಪಡಾ ಹಳೆಯದನ್ನು ಕರಗಿಸಿಕೊಂಡು ಒಂದೇ ಪದರಾಗುತ್ತದೆ, ತೇಪೆಯ ಅಂಚು ಉಳಿಯುವುದಿಲ್ಲ.

ಮುಂದೆ ಸ್ವಚ್ಛ ಮಾಡುವುದು. ಟರ್ಪೆಂಟೈನ್ ತಾಗಿಸಿದ ಅರಿವೆಯಿಂದ ಪೂರಾ ಹಲಗೆ ಒರೆಸಿದರೆ ಮೇಣ, ಕೈಯ ಜಿಡ್ಡು, ಎಣ್ಣೆ ಹೋಗುತ್ತವೆ. ಟರ್ಪೆಂಟೈನಿಗೆ ಚಪಡಾ ಕರಗದು. ಜಿಡ್ಡು ಉಳಿದರೆ ಹೊಸ ಪಾಲಿಶ್ ಅಲ್ಲಲ್ಲಿ ಹಿಂಜರಿದು ಸಣ್ಣ ಸಣ್ಣ ಕುಳಿ ಬೀಳುತ್ತವೆ.

ಬಿಳಿ ಉಂಗುರ ನೋಡಲು ಎದ್ದು ಕಾಣುತ್ತದೆ, ನಿಜಕ್ಕೂ ಹಗುರ ಹಾನಿ. ಬಿಸಿ ಕಪ್ಪಿನ ಕೆಳಗಿನ ತೇವ ಪಾಲಿಶ್ ಪದರಿನೊಳಗೆ ಸಿಕ್ಕಿಕೊಂಡಿರುತ್ತದೆ, ಕಟ್ಟಿಗೆಯನ್ನು ಮುಟ್ಟಿರುವುದಿಲ್ಲ. ಅರಿವೆಯ ಉಂಡೆಗೆ ಸ್ಪಿರಿಟ್ ಹಾಕಿ, ಅಂಗೈಗೆ ಒತ್ತಿದರೆ ತಂಪು ಹತ್ತಬೇಕು, ಹಸಿ ಹತ್ತಬಾರದು, ಅಷ್ಟು ಹಿಂಡಿ ಉಂಗುರದ ಮೇಲೆ ಹಗುರಾಗಿ ಸವರಿಕೊಂಡು ಹೋಗಬೇಕು. ನಿಲ್ಲಿಸಿದರೆ ಅರಿವೆಯ ಗುರುತು ಮೂಡುತ್ತದೆ. ಒಂದು ಸಲ ಸವರಿ, ಒಂದೆರಡು ನಿಮಿಷ ಬಿಟ್ಟು ಮತ್ತೊಂದು ಸಲ. ಪಾಲಿಶ್ ತುಸು ಬಿಚ್ಚಿಕೊಂಡು ತೇವ ಹೊರಬಿದ್ದು ಬಿಳುಪು ಕರಗುತ್ತದೆ. ಮಸುಕು ಉಳಿದರೆ ಅರಿವೆಯಲ್ಲಿ ಸೋಸಿದ ನುಣ್ಣನೆಯ ಬೂದಿಗೆ ಎಣ್ಣೆ ಕಲಸಿ ಬೆರಳಿನಿಂದ ತಿಕ್ಕಿದರೆ ಸಾಕು. ಅರಿವೆ ಹಾಸಿ ಇಸ್ತ್ರಿ ಪೆಟ್ಟಿಗೆ ಇಡುವ ಉಪಾಯ ಚಪಡಾಕ್ಕೆ ಬೇಡ, ಅದು ಬಿಸಿಗೆ ಬೇಗ ಮೆತ್ತಗಾಗಿ ಅರಿವೆಯ ನೇಯ್ಗೆಯನ್ನೇ ಅಚ್ಚೊತ್ತಿಕೊಳ್ಳುತ್ತದೆ.

ಕರಿ ಕಲೆಯ ಕತೆ ಬೇರೆ. ಅಲ್ಲಿ ನೀರು ಕಟ್ಟಿಗೆಯ ತನಕ ಇಳಿದಿದೆ, ಕಟ್ಟಿಗೆಯಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶಕ್ಕೆ ಎಲ್ಲಿಂದಲೋ ಕಬ್ಬಿಣದ ಅಂಶ ಸೇರಿ ಕಪ್ಪಾಗಿದೆ. ಕುಂಡದ ಕೆಳಗೆ ತುಕ್ಕು ಹಿಡಿದ ತಗಡಿನ ತಟ್ಟೆ ಇತ್ತು. ತಿಕ್ಕಿದಷ್ಟೂ ಈ ಕಪ್ಪು ಕೆಳಗೆ ಸಿಗುತ್ತಲೇ ಹೋಗುತ್ತದೆ. ಇದಕ್ಕೆ ಆ ಕಪ್ಪನ್ನು ತಿಳಿಮಾಡುವ ಆಕ್ಸಾಲಿಕ್ ಆಸಿಡ್ ಬೇಕು.

ಕಲೆಯಷ್ಟೇ ಜಾಗಕ್ಕೆ ಹಚ್ಚಿದರೆ ಅಲ್ಲೊಂದು ತಿಳಿ ಮಚ್ಚೆ ಉಳಿಯುತ್ತದೆ. ಟೇಬಲ್ಲಿನ ಮೇಲ್ಭಾಗ ಹಲಗೆಗಳನ್ನು ಜೋಡಿಸಿ ಮಾಡಿದ್ದು, ಆದ್ದರಿಂದ ಕಲೆಯಿರುವ ಒಂದು ಹಲಗೆಯ ಪಾಲಿಶನ್ನು ಒಂದು ಜೋಡಿನಿಂದ ಇನ್ನೊಂದು ಜೋಡಿನ ತನಕ, ಉದ್ದಕ್ಕೂ ತೆಗೆದು ಅಷ್ಟಕ್ಕೂ ಆಸಿಡ್ ಹಚ್ಚುವುದು ಸರಿ. ಛಾಯೆ ತುಸು ಹೆಚ್ಚುಕಡಿಮೆಯಾದರೂ ಜೋಡಿನ ಗೆರೆಯಲ್ಲಿ ಮುಚ್ಚಿಹೋಗುತ್ತದೆ. ಪಕ್ಕದ ಹಲಗೆಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಸ್ಪಿರಿಟ್ಟಿನಲ್ಲಿ ನೆನೆಸಿದ ಅರಿವೆ ಹಾಸಿ, ಮೆತ್ತಗಾದ ಪಾಲಿಶನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಎತ್ತಿ ತೆಗೆಯಬೇಕು. ಸ್ಟೀಲ್ ವೂಲ್ ಬಳಸಿದರೆ ಅದರ ಚೂರು ಕಟ್ಟಿಗೆಯ ರಂಧ್ರದಲ್ಲಿ ಉಳಿದು, ನೀರು ತಾಗಿದೊಡನೆ ಹೊಸ ಕರಿ ಚುಕ್ಕಿ ಹುಟ್ಟುತ್ತವೆ.

ಅರ್ಧ ಲೀಟರ್ ಬಿಸಿ ನೀರಿಗೆ 50 ಗ್ರಾಂ ಆಕ್ಸಾಲಿಕ್ ಆಸಿಡ್, ಪ್ಲಾಸ್ಟಿಕ್ ಡಬ್ಬಿಯಲ್ಲಿ ಕರಗಿಸಿ, ಪೂರಾ ಹಲಗೆಗೆ ಬ್ರಶ್ಶಿನಿಂದ ಸಮನಾಗಿ. ಇದು ವಿಷ. ಕೈಗವಸು, ಕನ್ನಡಕ ಬೇಕೇ ಬೇಕು. ಒಣಗಿದ ಮೇಲೆ ಕಾಣುವ ಬಿಳಿ ಹರಳನ್ನು ಪೇಪರ್ ಹಾಕಿ ತಿಕ್ಕಿದರೆ ಆ ಧೂಳು ಮೂಗು ಗಂಟಲು ಸುಡುತ್ತದೆ, ಮೊದಲು ನೀರಿನಿಂದ ತೊಳೆಯಬೇಕು. ಹಳೆಯ ಕಲೆ ಒಂದೇ ಸಲಕ್ಕೆ ಹೋಗದಿದ್ದರೆ ಮರುದಿನ ಮತ್ತೊಮ್ಮೆ. ಕೊನೆಗೆ ಒಂದು ಲೀಟರ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಒರೆಸಿ, ಮತ್ತೆ ಬರಿ ನೀರಿನಿಂದ ಒರೆಸಿ, ನೆರಳಿನಲ್ಲಿ ಪೂರ್ತಿ ಒಣಗಿಸಬೇಕು. ನೀರಿಗೆ ಎದ್ದ ಎಳೆಗಳನ್ನು ಮಾಸ್ಕ್ ಕಟ್ಟಿಕೊಂಡು 220ರ ಪೇಪರಿನಿಂದ ಎಳೆಯ ಉದ್ದಕ್ಕೆ ಹಗುರಾಗಿ ನುಣುಪು ಮಾಡಿದರೆ ಆಯಿತು.

ಇನ್ನು ಬಣ್ಣ. ಪಾಲಿಶ್ ತೆಗೆದ ಹಲಗೆಗೂ ಸವೆದ ಅಂಚಿಗೂ ಅಂಗಡಿಯ ವಾಲ್‌ನಟ್ ಸ್ಟೇನನ್ನು ಅದರದೇ ಥಿನ್ನರಿನಲ್ಲಿ ಅರ್ಧಕ್ಕರ್ಧ ತೆಳುಮಾಡಿ, ಟೇಬಲ್ಲಿನ ತಳದಲ್ಲೇ ಪರೀಕ್ಷೆ ಮಾಡಬೇಕು. ಕಟ್ಟಿಗೆ ಕೊಯ್ದ ತುದಿಗಳು ಬಣ್ಣ ಹೆಚ್ಚು ಕುಡಿದು ಕಪ್ಪಾಗುವುದರಿಂದ ಅಲ್ಲಿ ಮೊದಲು ತೀರಾ ತೆಳು ಚಪಡಾದ ಒಂದು ಕೈ. ಸ್ಟೇನ್ ಒಣಗಿದಾಗ ಮಂಕಾಗಿ ಬೇರೆಯೇ ಕಾಣುತ್ತದೆ, ಅದನ್ನು ನೋಡಿ ಇನ್ನಷ್ಟು ಸುರಿಯಬಾರದು. ಸ್ಪಿರಿಟ್ಟಿನಿಂದ ಒದ್ದೆ ಮಾಡಿದಾಗ ಕಾಣುವುದೇ ಪಾಲಿಶ್ ಆದ ಮೇಲಿನ ಬಣ್ಣ. ಬೇಕಾದುದಕ್ಕಿಂತ ಒಂದು ಛಾಯೆ ತಿಳಿಯಾಗಿಯೇ ನಿಲ್ಲಿಸಿ, ಉಳಿದದ್ದನ್ನು ಪಾಲಿಶ್ಶಿನಲ್ಲಿ ತರುವುದು ಜಾಣತನ: ತೆಳು ಚಪಡಾಕ್ಕೆ ಚಿಟಿಕೆ ಅಂಬರ್ ಎಂಬ ಕಂದು ಮಣ್ಣಿನ ಪುಡಿ, ಕೆಂಪು ಬೇಕಾದರೆ ತುಸು ಗೇರು ಎಂಬ ಕೆಮ್ಮಣ್ಣು, ಸಣ್ಣ ಬ್ರಶ್ಶಿನಿಂದ ಹಂತ ಹಂತವಾಗಿ. ಹೆಚ್ಚಾದರೆ ಸ್ಪಿರಿಟ್ಟಿನಲ್ಲಿ ಒರೆಸಿ ತೆಗೆಯಬಹುದು. ಈ ಹೋಲಿಕೆಯನ್ನು ಕಿಟಕಿಯ ಬೆಳಕಿನಲ್ಲೇ ನೋಡಬೇಕು. ಎಲ್‌ಇಡಿ ಕೆಳಗೆ ಸರಿಕಂಡದ್ದು ಬೆಳಿಗ್ಗೆ ಹಸಿರಾಗಿ ಕಾಣಬಹುದು.

ಪಾಲಿಶ್ಶಿಗೆ 300 ಮಿಲಿ ಸ್ಪಿರಿಟ್ಟಿಗೆ 50 ಗ್ರಾಂ ಚಪಡಾ, ಗಾಜಿನ ಬಾಟ್ಲಿಯಲ್ಲಿ ರಾತ್ರಿಯಿಡೀ ನೆನೆಸಿ, ಮಲ್‌ಮಲ್ ಅರಿವೆಯಲ್ಲಿ ಸೋಸಿದ್ದು. ಕಬ್ಬಿಣದ ಡಬ್ಬಿಯಲ್ಲಿ ಇಟ್ಟರೆ ಕಪ್ಪಾಗುತ್ತದೆ. ಅರಳೆಯನ್ನು ಅರಿವೆಯಲ್ಲಿ ಕಟ್ಟಿದ ಉಂಡೆಗೆ ಒಳಗಿನಿಂದ ಪಾಲಿಶ್ ಕುಡಿಸಿ, ಹಲಗೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ತೇಲಿಸಿ ಎಳೆಯಬೇಕು. ಮೊದಲು ತಿದ್ದಿದ ಜಾಗಗಳಿಗೆ, ಅವು ಮಟ್ಟವಾದ ಮೇಲೆ ಪೂರಾ ಟೇಬಲ್ಲಿಗೆ. ತೆಳುವಾಗಿ ಐದಾರು ಕೈ, ನಡುವೆ ಕಾಲು ಗಂಟೆ, ಮರುದಿನ 400ರ ಪೇಪರಿನಿಂದ ಒಂದು ಸವರು, ಮತ್ತೆ ಮೂರ್ನಾಲ್ಕು ಕೈ. ಉಂಡೆ ಜಗ್ಗತೊಡಗಿದರೆ ಒಂದೇ ಹನಿ ಅಗಸಿ ಎಣ್ಣೆ. ಆ ಎಣ್ಣೆ ತಾಗಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನೇ ಕಾದು ಬೆಂಕಿ ಹತ್ತುವುದುಂಟು, ನೀರಿನಲ್ಲಿ ಅದ್ದಿ ಹೊರಗೆ ಹರವಬೇಕು.

ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು. ಸ್ಪಿರಿಟ್ ಆರುವಾಗ ಮೇಲ್ಮೈ ತಂಪಾಗಿ ಗಾಳಿಯ ತೇವ ಅದರ ಮೇಲೆ ಕೂತು ಪಾಲಿಶ್ ಹಾಲಿನಂತೆ ಬೆಳ್ಳಗಾಗುತ್ತದೆ. ಅದೇ ಕೆಲಸ ಜನವರಿಯ ಮಧ್ಯಾಹ್ನದಲ್ಲಿ ಯಾವ ತಕರಾರಿಲ್ಲದೆ ಆಗುತ್ತದೆ. ಗದಗಿನ ಒಣ ಹವೆಯಲ್ಲಿ ಇಷ್ಟು ಕಾಯಬೇಕಾಗಿಲ್ಲ.

ಟೇಬಲ್ಲು ಮರಳಿ ಹೋಗುವಾಗ ಮನೆಯವರು ಕೇಳಿದ್ದು ಪ್ಲಾಸ್ಟಿಕ್ ಹಾಳೆ ಹೊದಿಸಬಹುದೇ ಎಂದು. ಬೇಡ. ಮೆತ್ತನೆಯ ಪಿವಿಸಿ ಹಾಳೆಯೊಳಗಿನ ಎಣ್ಣೆಯಂಥ ಅಂಶ ಪಾಲಿಶ್ಶಿಗೆ ಇಳಿದು ಅದನ್ನು ಅಂಟಾಗಿಸುತ್ತದೆ, ಹಾಳೆ ಎತ್ತಿದಾಗ ಪಾಲಿಶ್ಶೂ ಕಿತ್ತುಬರುತ್ತದೆ. ಎರಡು ವಾರ ಬರಿಯಾಗಿ ಬಿಟ್ಟು, ಆಮೇಲೆ ಹತ್ತಿಯ ಅರಿವೆ ಹಾಸಬಹುದು. ಉಳಿದ ಚಪಡಾದ ಬಾಟ್ಲಿಯ ಮೇಲೆ ಕಲಸಿದ ತಾರೀಖು ಬರೆದಿಟ್ಟಿದೆ. ಆರು ತಿಂಗಳು ದಾಟಿದರೆ ಗಾಜಿನ ಮೇಲೆ ಒಂದು ಹನಿ ಹಾಕಿ ನೋಡಬೇಕು. ಮರುದಿನ ಉಗುರು ಊರಿದರೆ ಗುರುತು ಬೀಳುವಷ್ಟು ಮೆತ್ತಗಿದ್ದರೆ ಅದು ಇನ್ನು ಟೇಬಲ್ಲಿಗೆ ಬಾರದು.