ಜೈಲಿನವರ ಮೇಲೆ ದಾವೆ, ಜೈಲಿನವರದೇ ಮೊಹರು

ದಾವಣಗೆರೆಯಲ್ಲಿ ವಕೀಲಿ ಮಾಡುವ ನನ್ನ ಬಳಿಗೆ ಕೈದಿಗಳ ಮನೆಯವರು ಬರುವುದು ಹೆಚ್ಚಾಗಿ ಜಾಮೀನಿಗಾಗಿ. ಒಳಗೆ ಹೊಡೆದರು, ಮಾತ್ರೆ ಕೊಡಲಿಲ್ಲ ಎಂಬುದನ್ನು ಮಾತಿನ ನಡುವೆ ಹೇಳಿ, "ಅದನ್ನ ಬರೀಬ್ಯಾಡ್ರಿ ಸಾರ್, ಹುಡುಗ ಇನ್ನೂ ಅಲ್ಲೇ ಇರ್ಬೇಕಲ್ಲ" ಎಂದು ತಾವೇ ತಡೆಯುತ್ತಾರೆ. ಆ ಅಂಜಿಕೆ ಸುಳ್ಳಲ್ಲ. ವಕೀಲರನ್ನು ನೇಮಿಸಿಕೊಳ್ಳುವ ಕಾಗದವಾದ ವಕಾಲತ್ತಿಗೆ ಕೈದಿಯು ಹಾಕಿದ ಸಹಿಯನ್ನು ಜೈಲಿನ ಅಧಿಕಾರಿಯೇ ದೃಢೀಕರಿಸಿ ಮೊಹರು ಒತ್ತಿ ಕೊಡುವುದು ರೂಢಿಯಾಗಿರುವುದರಿಂದ, ಯಾರ ಮೇಲೆ ದಾವೆ ಹೂಡಬೇಕೋ ಅವರ ಮೇಜನ್ನು ದಾಟಿಯೇ ಆ ಕಾಗದ ಹೊರಗೆ ಬರಬೇಕು.

ಅಮೆರಿಕದ ಕೈದಿಗೂ ಈ ಕಾಟ ತಪ್ಪಿಲ್ಲ. ಅಲ್ಲಿ 1871ರ ಕಾಯಿದೆಯೊಂದರ ಬಲದಿಂದ ಅಧಿಕಾರಿಯ ಹೆಸರು ಹಿಡಿದೇ ಫೆಡರಲ್ ನ್ಯಾಯಾಲಯದಲ್ಲಿ ಪರಿಹಾರ ಕೇಳಬಹುದಾದರೂ, 1996ರಿಂದ ಈಚೆಗೆ ಜೈಲಿನೊಳಗಿನ ದೂರಿನ ಹಂತಗಳನ್ನೆಲ್ಲ ಮುಗಿಸಿಯೇ ಬರಬೇಕಾಗಿದೆ.

ನಮ್ಮಲ್ಲಿ ಸರ್ಕಾರಿ ಅಧಿಕಾರಿಯ ಮೇಲೆ ಸಿವಿಲ್ ದಾವೆ ಹೂಡಲು ಸಾಮಾನ್ಯವಾಗಿ ಎರಡು ತಿಂಗಳ ನೋಟಿಸು ಕೊಡಬೇಕಾದ್ದರಿಂದ, ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್, ಅಂದರೆ ಹಕ್ಕಿನ ರಕ್ಷಣೆ ಕೋರುವ ನೇರ ಅರ್ಜಿ, ಹಾಕುವುದೇ ಹತ್ತಿರದ ದಾರಿ. (ಹರಿಹರದ ಹೊಳೆಯ ಆಚೆಗಿನ ಹಾವೇರಿಯವರಿಗೆ ಧಾರವಾಡ ಪೀಠ, ಈಚೆಯ ನಮಗೆ ಬೆಂಗಳೂರೇ ಗತಿ.) ತಿಹಾರ್ ಜೈಲಿನಲ್ಲಿದ್ದ ಸುನಿಲ್ ಬಾತ್ರಾ ಎಂಬ ಕೈದಿ, ಇನ್ನೊಬ್ಬ ಕೈದಿಯ ಮೇಲೆ ವಾರ್ಡರ್ ನಡೆಸಿದ ಚಿತ್ರಹಿಂಸೆಯ ಕುರಿತು ಬರೆದ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿದ ಸುಪ್ರೀಂ ಕೋರ್ಟು, ಜೈಲುಗಳಲ್ಲಿ ದೂರು ಪೆಟ್ಟಿಗೆಗಳನ್ನು ಜಿಲ್ಲಾ ಮ್ಯಾಜಿಸ್ಟ್ರೇಟ್ ಮತ್ತು ಸೆಷನ್ಸ್ ನ್ಯಾಯಾಧೀಶರ ಆದೇಶದಂತೆ ಇಡಬೇಕೆಂದೂ ವಕೀಲರು ಕೈದಿಯೊಡನೆ ಗುಟ್ಟಾಗಿ ಮಾತಾಡಲು ಅವಕಾಶವಿರಬೇಕೆಂದೂ 1979ರ ಡಿಸೆಂಬರಿನಲ್ಲಿ ಹೇಳಿತು. ಪರಿಹಾರದ ಹಣಕ್ಕಿಂತ ಈ ಪೆಟ್ಟಿಗೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಖುಲಾಸೆಯಾದ ಮೇಲೂ 14 ವರ್ಷ ಬಿಹಾರದ ಜೈಲಿನಲ್ಲೇ ಕೊಳೆತ ರುದುಲ್ ಸಾಹನಿಗೆ 1983ರಲ್ಲಿ ಸಿಕ್ಕಿದ್ದು ಒಟ್ಟು 35,000 ರೂಪಾಯಿ, ಅದೂ ಸರ್ಕಾರದ ಬೊಕ್ಕಸದಿಂದ. ಅವನನ್ನು ಕೂಡಿಹಾಕಿದ ಯಾರ ಜೇಬಿಗೂ ಅದರ ಬಿಸಿ ತಟ್ಟಲಿಲ್ಲ.

ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯುವ ಹಕ್ಕು 1987ರ ಕಾಯಿದೆಯಲ್ಲೇ ಇದೆ. ಮೈಮೇಲೆ ಗಾಯವಿದ್ದರಂತೂ ಕಾಯುತ್ತ ಕೂರಬಾರದು. ಈಗ ಎಷ್ಟೋ ವಾಯಿದೆಗಳು ವೀಡಿಯೋದಲ್ಲೇ ಮುಗಿಯುತ್ತವೆ, ಕ್ಯಾಮೆರಾದ ಆಚೆ ಜೈಲಿನ ಸಿಬ್ಬಂದಿ ನಿಂತಿರುತ್ತಾರೆ. ಆದ್ದರಿಂದ ಕೈದಿಯನ್ನು ಖುದ್ದಾಗಿ ಹಾಜರುಪಡಿಸಿ ವೈದ್ಯಕೀಯ ತಪಾಸಣೆ ಮಾಡಿಸಬೇಕೆಂದು ಕೋರಿ ಮನೆಯವರು ವಕೀಲರ ಮೂಲಕ ಅಂದೇ ಅರ್ಜಿ ಹಾಕಿಸಬೇಕು.